ಒಂದು ಪ್ರಿಂಟರ್, ಎರಡು ಕಂಪ್ಯೂಟರ್

ಕೊಚ್ಚಿಯ ನಮ್ಮ ಮನೆಯಲ್ಲಿ ಕಂಪ್ಯೂಟರ್ ಎರಡು, ಪ್ರಿಂಟರ್ ಒಂದು. ನನ್ನದು ವಿಂಡೋಸ್. ಇಲ್ಲಿನ ಸರಕಾರಿ ಶಾಲೆಯಲ್ಲಿ ಓದಿದ ಮಗನ ಲ್ಯಾಪ್‌ಟಾಪಿನಲ್ಲಿ ಉಬುಂಟು ಲಿನಕ್ಸ್. ಪ್ರಿಂಟರ್ ಇರುವುದು ನನ್ನ ಮೇಜಿನ ಮೇಲೆ. ಅವನಿಗೆ ಒಂದು ಹಾಳೆ ಬೇಕಾದರೂ ಪೆನ್‌ಡ್ರೈವ್ ಹಿಡಿದು ಬರಬೇಕು. "ನೀನೂ ವಿಂಡೋಸ್ ಹಾಕಿಸ್ಕೊಳ್ಳೋ ಮಾರಾಯ" ಅಂತ ಎಷ್ಟು ಸಲ ಗದರಿದ್ದೆನೋ!

ಮೊನ್ನೆ ಭಾನುವಾರ ಅವನೇ ಕೂತ. ನನ್ನ ಕಡೆ ಪ್ರಿಂಟರನ್ನೂ ಒಂದು ಫೋಲ್ಡರನ್ನೂ ಶೇರ್ ಮಾಡಿದ. ಅವನ ಕಡೆ ಸಾಂಬಾ ಎಂಬ ತಂತ್ರಾಂಶ. ಆದರೂ ಬಾಗಿಲು ತೆರೆಯಲೊಲ್ಲದು! ಕಾರಣ ಕೇಳಿ ನಗಬೇಡಿ. ನನ್ನ ವಿಂಡೋಸ್ ಖಾತೆಗೆ ಪಾಸ್‌ವರ್ಡೇ ಇರಲಿಲ್ಲ. ಅಂಥ ಖಾತೆಯ ಹೆಸರಲ್ಲಿ ನೆಟ್‌ವರ್ಕಿನಿಂದ ಬಂದವರನ್ನು ವಿಂಡೋಸ್ ಸಾಮಾನ್ಯವಾಗಿ ಒಳಗೆ ಬಿಡುವುದಿಲ್ಲ. "ಅಪ್ಪಾ, ನೀವು ಬ್ಯಾಂಕ್ ಆಫೀಸರ್ ತಾನೇ?" ಅಂದ. ತೆಪ್ಪಗೆ ಪಾಸ್‌ವರ್ಡ್ ಹಾಕಿದೆ. ಹಾಳೆ ಹೊರಗೆ ಬಂತು.

ಸಾಂಬಾ ಹುಟ್ಟಿದ್ದು 1992ರ ಸುಮಾರಿಗೆ. ಆಸ್ಟ್ರೇಲಿಯಾದ ವಿದ್ಯಾರ್ಥಿ ಆಂಡ್ರ್ಯೂ ಟ್ರಿಜೆಲ್, ಯಂತ್ರಗಳು ತಂತಿಯ ಮೇಲೆ ಆಡಿಕೊಳ್ಳುವ ಮಾತನ್ನು ಗಮನಿಸಿಯೇ ಇದನ್ನು ಬರೆಯತೊಡಗಿದರು. ಮೈಕ್ರೋಸಾಫ್ಟಿನ ಪೂರ್ತಿ ನಿಯಮಗಳು ಸಾಂಬಾ ತಂಡದ ಕೈಸೇರಿದ್ದು 2007ರ ಡಿಸೆಂಬರಿನಲ್ಲಿ. ಅದೂ ಯುರೋಪಿಯನ್ ಕಮಿಷನ್ 2004ರಲ್ಲಿ ಆದೇಶ ಹೊರಡಿಸಿ, ಕೋರ್ಟು ಅದನ್ನು ಎತ್ತಿಹಿಡಿದ ಮೇಲೆ, 10,000 ಯೂರೋ ಕಟ್ಟಿಸಿಕೊಂಡು!

ನಾನು ಬಿ.ಕಾಂ. ಓದಿದವನು, ನನಗೆ ತಿಳಿಯುವುದು ಕ್ಲಿಯರಿಂಗ್. ಒಂದು ಬ್ಯಾಂಕಿನ ಚೆಕ್ಕು ಇನ್ನೊಂದರಲ್ಲಿ ನಡೆಯಲು ಎರಡೂ ಬ್ಯಾಂಕುಗಳ ಲೆಡ್ಜರ್ ಒಂದೇ ಆಗಬೇಕಿಲ್ಲ. ಚೆಕ್ಕಿನ ಅಳತೆ, ಕೆಳಗಿನ ಎಂಐಸಿಆರ್ ಅಂಕಿಗಳ ನಿಯಮ ಎಲ್ಲರಿಗೂ ಗೊತ್ತಿದ್ದರೆ ಸಾಕು. ಆ ನಿಯಮವನ್ನು ಒಂದೇ ಬ್ಯಾಂಕು ಬೀರುವಿನಲ್ಲಿ ಬಚ್ಚಿಟ್ಟಿದ್ದರೆ?

ಕೇರಳ 2001ರಲ್ಲಿ ಐಟಿ ಅಟ್ ಸ್ಕೂಲ್ ಯೋಜನೆ ಶುರುಮಾಡಿತು, 2017ರಿಂದ ಅದು ಕೈಟ್ ಸಂಸ್ಥೆ. ತಿರುವನಂತಪುರದ ಈ ಸಂಸ್ಥೆಯಿಂದಾಗಿ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಲಿನಕ್ಸಿನಲ್ಲೇ ಕಲಿಯುತ್ತಾರೆ. ಒಳ್ಳೆಯದೇ. ಆದರೆ ಶಾಲೆ ಬಿಟ್ಟ ಮೇಲೆ ಅವರು ಮುಟ್ಟುವ ಕಂಪ್ಯೂಟರುಗಳು ಹೆಚ್ಚಾಗಿ ವಿಂಡೋಸಿನವು. ಹಾಗಾಗಿ ಸರಕಾರಿ ದುಡ್ಡಿನಲ್ಲಿ ಕೊಳ್ಳುವ ಪ್ರತಿ ಪ್ರಿಂಟರೂ ಎರಡಕ್ಕೂ ನಡೆಯಬೇಕು ಎಂಬ ಷರತ್ತು ಟೆಂಡರಿನಲ್ಲೇ ಇರಲಿ. ಮನೆಗೆ ಕೊಳ್ಳುವಾಗ ನಾವೂ ಅಂಗಡಿಯವನನ್ನು ಕೇಳೋಣ.

ತಿರುವನಂತಪುರದ ಕೌಂಟರಿನಲ್ಲಿ ಮೊದಲ ಸಲ ಕೂತಾಗ ನನ್ನ ಮಲಯಾಳಂ ಹರುಕುಮುರುಕು. ಯಾರೂ ಕನ್ನಡ ಬಿಟ್ಟು ಬಾ ಅನ್ನಲಿಲ್ಲ. ಕೆಲಸಕ್ಕೆ ಬೇಕಾದಷ್ಟು ಕಲಿತೆ, ಕೆಲಸ ನಡೆಯಿತು. ಅಂಥವನು ಮಗನಿಗೆ ಮಾತ್ರ "ನನ್ನಂತೆಯೇ ಆಗು" ಅಂತಿದ್ದೆನಲ್ಲ!

ನಿಮ್ಮ ಮನೆಯಲ್ಲಿ ಹೇಗೆ?