ಅನುಮೋದನೆ ಯಾರ ಖಾತೆಗೆ?

ಸೈನಿಕನು ಗೆದ್ದು ಬಂದರೆ "ನಾವು ಗೆದ್ದೆವು" ಎನ್ನುವುದು, ಅದೇ ಸೈನಿಕನು ಸೆರೆಸಿಕ್ಕವನನ್ನು ಹಿಂಸಿಸಿದರೆ "ಯಾರೋ ಒಬ್ಬನು ತಪ್ಪಿದನು" ಎನ್ನುವುದು ಲೋಕದಲ್ಲೆಲ್ಲ ಇರುವ ರೂಢಿ. ಅನ್ಯರು ಈ ರೂಢಿಗೆ ಬೇರೆ ಬೇರೆ ಸಮರ್ಥನೆಗಳನ್ನು ಹುಡುಕಿಕೊಂಡಿದ್ದಾರೆ. ಜೈನ ಸಮಾಜದಲ್ಲಿ ಮಾತ್ರ ಇದಕ್ಕೆ ಧರ್ಮದ ಹೊದಿಕೆಯೇ ದೊರೆತುಬಿಟ್ಟಿದೆ. "ಮಾಡಿದವನ ಕರ್ಮ ಮಾಡಿದವನಿಗೆ, ಒಬ್ಬನ ಪಾಪ ಇನ್ನೊಬ್ಬನಿಗೆ ಅಂಟದು, ಹುಣಸೂರಿನ ಶ್ರಾವಕನಿಗೂ ಮಲೆಮಹದೇಶ್ವರ ಬೆಟ್ಟದ ಪೊಲೀಸ್ ಶಿಬಿರಕ್ಕೂ ಎಲ್ಲಿಯ ಸಂಬಂಧ?" ಎಂದು ಕೇಳುವವರು ಅಜ್ಞಾನಿಗಳಲ್ಲ, ನಿತ್ಯ ಸ್ವಾಧ್ಯಾಯ ಮಾಡುವವರೇ. ಅವರ ಮಾತಿನ ಪೂರ್ವಾರ್ಧವು ಸಿದ್ಧಾಂತಸಮ್ಮತವಾದುದು. ಉತ್ತರಾರ್ಧವಾದರೋ ಸಿದ್ಧಾಂತದ ಹೆಸರಿನಲ್ಲಿ ನಡೆಯುವ ಲೆಕ್ಕದ ಕಳವು.

ಆ ಶಿಬಿರದ ಪ್ರಕರಣವು ಹಳೆಯದಾದರೂ ಮರೆಯಬಹುದಾದಷ್ಟು ಹಳೆಯದಲ್ಲ. ವೀರಪ್ಪನ್‌ನನ್ನು ಹಿಡಿಯಲೆಂದು ಕರ್ನಾಟಕ ಮತ್ತು ತಮಿಳುನಾಡು ಸರಕಾರಗಳು 1990ರ ದಶಕದಲ್ಲಿ ವಿಶೇಷ ಕಾರ್ಯಪಡೆಗಳನ್ನು ಕಾಡಿಗಿಳಿಸಿದವು. ಅವರು ಸೇನೆಯ ಯೋಧರಲ್ಲ, ಪೊಲೀಸರು. ಯಾರೂ ಯುದ್ಧವನ್ನು ಸಾರಿರಲಿಲ್ಲ. ಆದರೆ ಬಂದೂಕು, ಶಿಬಿರ, ಸುತ್ತುವರಿಕೆ, ಶತ್ರು ಎಂಬ ಮಾತು, ಎಲ್ಲವೂ ಯುದ್ಧದ್ದೇ. ಜನರೂ ಅದನ್ನು ಯುದ್ಧವೆಂದೇ ಕಂಡರು. ಎದುರಾಳಿಯ ಕ್ರೌರ್ಯದ ವಿಷಯದಲ್ಲಿ ಯಾರಿಗೂ ಸಂಶಯ ಬೇಡ. ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರನ್ನು 1991ರ ನವೆಂಬರಿನಲ್ಲಿ ಮೋಸದಿಂದ ಕರೆಸಿ ಕೊಲ್ಲಲಾಯಿತು. 1992ರ ಆಗಸ್ಟ್ 14ರಂದು ಪೊಲೀಸ್ ವರಿಷ್ಠಾಧಿಕಾರಿ ಹರಿಕೃಷ್ಣ ಮತ್ತು ಸಬ್ ಇನ್ಸ್‌ಪೆಕ್ಟರ್ ಶಕೀಲ್ ಅಹಮದ್ ಹೊಂಚುದಾಳಿಗೆ ಬಲಿಯಾದರು. 1993ರ ಏಪ್ರಿಲ್ 9ರಂದು ಪಾಲಾರ್ ಬಳಿಯ ನೆಲಬಾಂಬಿಗೆ 22 ಜೀವಗಳು ಹೋದವು.

ಅನಂತರ ನಡೆದುದೇನು? ಕಾಡಂಚಿನ ಹಳ್ಳಿಗಳ ಗಂಡಸರು ಹೆಂಗಸರು, ಸೋಲಿಗರು, ಕನ್ನಡದವರು, ತಮಿಳಿನವರು, ಶಿಬಿರಗಳಿಗೆ ಒಯ್ಯಲ್ಪಟ್ಟರು. ಬೆಟ್ಟದ ಶಿಬಿರದಲ್ಲಿ 'ವರ್ಕ್‌ಶಾಪ್' ಎಂದು ಕರೆಯಲಾಗುತ್ತಿದ್ದ ಕೊಠಡಿಯಲ್ಲಿ ವಿದ್ಯುತ್ ಆಘಾತ ಕೊಡಲಾಗುತ್ತಿತ್ತೆಂದೂ, ಹೆಂಗಸರ ಮಾನಹರಣವಾಯಿತೆಂದೂ ಅನುಭವಿಸಿದವರೇ ಸಾಕ್ಷಿ ನುಡಿದರು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು 1999ರಲ್ಲಿ ನಿವೃತ್ತ ನ್ಯಾಯಮೂರ್ತಿ ಎ. ಜೆ. ಸದಾಶಿವ ಅವರ ನೇತೃತ್ವದಲ್ಲಿ ಸಮಿತಿ ನೇಮಿಸಿತು. 2003ರಲ್ಲಿ ವರದಿ ಬಂದಿತು. 2007ರ ಜನವರಿಯಲ್ಲಿ 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರ ಕೊಡಬೇಕೆಂದು ಆಯೋಗವು ಹೇಳಿತು. ಇತ್ತ ಮೈಸೂರಿನ ಸೆರೆಮನೆಯಲ್ಲಿ ಟಾಡಾ ಕಾಯಿದೆಯಡಿ ಕೂಡಿಹಾಕಲ್ಪಟ್ಟವರಲ್ಲಿ ನೂರಕ್ಕೂ ಹೆಚ್ಚು ಮಂದಿ 2001ರಲ್ಲಿ ನಿರ್ದೋಷಿಗಳೆಂದು ಹೊರಬಂದರು. ಅವರಲ್ಲಿ ಅನೇಕರು ಎಂಟು ವರ್ಷಗಳನ್ನು ಒಳಗೆ ಕಳೆದಿದ್ದರು.

ಇಲ್ಲಿ ಒಂದು ಸಣ್ಣ ಸಂಗತಿಯನ್ನು ನೆನಪಿಸಬೇಕಾಗಿದೆ. ಚಾಮರಾಜನಗರ ಜಿಲ್ಲೆಯು ಪ್ರತ್ಯೇಕವಾದುದು 1997ರಲ್ಲಿ. ಈ ಶಿಬಿರಗಳು ತುಂಬಿದ್ದ ದಿನಗಳಲ್ಲಿ ಮಹದೇಶ್ವರ ಬೆಟ್ಟವೂ ಹುಣಸೂರೂ ಒಂದೇ ಮೈಸೂರು ಜಿಲ್ಲೆ. "ಎಲ್ಲಿಯ ಸಂಬಂಧ?" ಎಂಬವರಿಗೆ ಭೂಗೋಳವೇ ಮೊದಲ ಉತ್ತರ ಕೊಡುತ್ತದೆ.

ಎರಡನೆಯ ಉತ್ತರವನ್ನು ಶ್ರಾವಕಾಚಾರವೇ ಕೊಡುತ್ತದೆ. ಗೃಹಸ್ಥನಿಗೆ ಹಿಂಸೆಯನ್ನು ಆರಂಭೀ, ಉದ್ಯೋಗೀ, ವಿರೋಧೀ, ಸಂಕಲ್ಪೀ ಎಂದು ನಾಲ್ಕಾಗಿ ವಿಭಜಿಸಿ ಹೇಳಿರುವುದು ಪಾಠಶಾಲೆಯ ಮಕ್ಕಳಿಗೂ ತಿಳಿದ ವಿಷಯ. ಆಕ್ರಮಣಕಾರನನ್ನು ಎದುರಿಸುವಾಗ ಆಗುವ ವಿರೋಧೀ ಹಿಂಸೆಯು ಗೃಹಸ್ಥನಿಗೆ ಅನಿವಾರ್ಯವೆಂದು ಒಪ್ಪಿದೆ. ಹಾಗಿಲ್ಲದಿದ್ದರೆ ಚಾವುಂಡರಾಯನು ದಂಡನಾಯಕನೂ ಆಗಿ ಶ್ರಾವಕನೂ ಆಗಿ ಇರುವುದು ಹೇಗೆ ಸಾಧ್ಯವಿತ್ತು? ಕಾಡಿನಲ್ಲಿ ಬಂದೂಕು ಹಿಡಿದು ಎದುರು ನಿಂತವನೊಡನೆ ಪೊಲೀಸನು ಹೋರಾಡಿದುದು ಈ ವರ್ಗಕ್ಕೆ ಸೇರಿದುದು. ಅದರಲ್ಲಿ ಮಡಿದವರಿಗೆ ಸಲ್ಲುವ ಗೌರವ ಸಲ್ಲಲೇಬೇಕು. ಆದರೆ ಕೈ ಕಟ್ಟಿ ಕೂರಿಸಿದವನ ಮೈಗೆ ತಂತಿ ತಾಗಿಸುವುದು ಯಾವ ವಿರೋಧ? ಬೇಲಿಯೊಳಗೆ ಸಿಕ್ಕ ಹೆಣ್ಣಿನ ಮೇಲೆ ಎರಗುವುದು ಯಾವ ರಕ್ಷಣೆ? ಅದು ಶುದ್ಧ ಸಂಕಲ್ಪೀ ಹಿಂಸೆ, ಗೃಹಸ್ಥನಿಗೂ ಸರ್ವಥಾ ತ್ಯಾಜ್ಯವಾದುದು. ಸಮವಸ್ತ್ರದಿಂದ ಅದರ ವರ್ಗ ಬದಲಾಗುವುದಿಲ್ಲ.

"ಆಗಲಿ, ಆ ಪಾಪ ಮಾಡಿದವರದೇ ತಾನೆ?" ಎಂಬ ಪ್ರಶ್ನೆ ಉಳಿಯುತ್ತದೆ. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದ ಲೆಕ್ಕವನ್ನು ಇಲ್ಲಿ ತೆರೆಯಬೇಕು. ಸಂರಂಭ, ಸಮಾರಂಭ, ಆರಂಭ ಎಂದು ಮೂರು, ಮನ, ವಚನ, ಕಾಯ ಎಂದು ಮೂರು, ಕೃತ, ಕಾರಿತ, ಅನುಮತ ಎಂದು ಮೂರು, ಕಷಾಯಗಳು ನಾಲ್ಕು. ಗುಣಿಸಿದರೆ 108. ಜಪಮಾಲೆಯ ಮಣಿಗಳನ್ನು ಎಣಿಸುವ ಬೆರಳುಗಳು ಈ ಗುಣಾಕಾರವನ್ನು ನಿತ್ಯವೂ ಮುಟ್ಟುತ್ತವೆ. ಈ 108ರಲ್ಲಿ ಸ್ವತಃ ಮಾಡಿದುದರ ಪಾಲು 36, ಮಾಡಿಸಿದುದರದು 36, ಒಪ್ಪಿದುದರದು 36. ಒಪ್ಪಿಗೆಯ ಪಾಲು ಮಾಡಿದುದರ ಪಾಲಿಗಿಂತ ಒಂದು ಮಣಿಯಷ್ಟೂ ಕಡಿಮೆಯಿಲ್ಲ. ಇಲ್ಲಿ ಪರರ ಕರ್ಮವನ್ನು ಹೊರುವ ಪ್ರಶ್ನೆಯೇ ಇಲ್ಲ. ಪೇದೆಯ ಲಾಠಿ ಪೇದೆಯ ಖಾತೆಗೆ. ಪತ್ರಿಕೆಯಲ್ಲಿ ಅದನ್ನೋದಿ "ಹಾಗೇ ಆಗಬೇಕು ಆ ಜನಕ್ಕೆ" ಎಂದವನ ಮಾತು ಆ ಮಾತನಾಡಿದವನ ಖಾತೆಗೆ. ಹೀಗೆ ಎಷ್ಟು ಮನೆಗಳ ಜಗಲಿಯ ಮೇಲೆ ನುಡಿಯಲಾಯಿತೆಂಬುದನ್ನು ಆ ಕಾಲವನ್ನು ಕಂಡವರು ಬಲ್ಲರು.

ಒಪ್ಪಿಗೆಯೆಂಬುದು ಮಾತಿನಲ್ಲೇ ಇರಬೇಕೆಂದೂ ಇಲ್ಲ. 2000ನೇ ಇಸವಿಯ ಜುಲೈ 30ರಂದು ಡಾ. ರಾಜಕುಮಾರ್ ಅವರ ಅಪಹರಣವಾದಾಗ ಮೈಸೂರಿನ ಟಾಡಾ ಬಂದಿಗಳ ನೆನಪು ನಾಡಿಗೆ ಥಟ್ಟನೆ ಬಂದಿತು, ಏಕೆಂದರೆ ಅಪಹರಣಕಾರನು ಅವರ ಬಿಡುಗಡೆಯನ್ನು ಕೇಳಿದ್ದನು. ಏಳು ವರ್ಷ ಯಾರೂ ವಿಚಾರಿಸದ ಬಂದಿಗಳ ಮೇಲಿನ ಟಾಡಾ ಆರೋಪಗಳನ್ನು ಕೈಬಿಡಲು ಸರಕಾರವು ವಾರಗಳಲ್ಲೇ ಸಿದ್ಧವಾಯಿತು. ತಡೆದವರು ಹತನಾದ ಶಕೀಲ್ ಅಹಮದನ ತಂದೆ ಅಬ್ದುಲ್ ಕರೀಂ. ಅವರ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯವು ಅದೇ ವರ್ಷದ ನವೆಂಬರಿನಲ್ಲಿ ಆ ವ್ಯವಹಾರವನ್ನು ತಳ್ಳಿಹಾಕಿತು. ಆ ವೃದ್ಧ ತಂದೆ ಕೇಳಿದುದು ಸೇಡನ್ನಲ್ಲ, ನ್ಯಾಯಾಲಯವು ತನ್ನ ಕೆಲಸವನ್ನು ಮಾಡಲಿ ಎಂಬುದನ್ನು. ಮರುವರ್ಷ ನ್ಯಾಯಾಲಯವು ತನ್ನ ಕೆಲಸವನ್ನು ಮಾಡಿದಾಗ ಬಹುಪಾಲು ಬಂದಿಗಳು ಬಿಡುಗಡೆ ಹೊಂದಿದರು. ಪೊಲೀಸರ ಪರವಾದ ನ್ಯಾಯ, ಹಳ್ಳಿಗರ ಪರವಾದ ನ್ಯಾಯ ಎಂದು ಎರಡು ತಕ್ಕಡಿಗಳಿಲ್ಲವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗಲಾರದು.

ಇನ್ನು ನಾಡಿನ ಹೆಸರಿನ ವಿಚಾರ. 1791ರಲ್ಲಿ ಶೃಂಗೇರಿ ಮಠ ಸೂರೆಯಾದುದನ್ನು ಹೇಳುವಾಗ ಯಾರೂ "ಕೆಲವು ದಾರಿತಪ್ಪಿದ ಸವಾರರು" ಎನ್ನುವುದಿಲ್ಲ, "ಮರಾಠರು" ಎನ್ನುತ್ತಾರೆ. 1799ರಲ್ಲಿ ಶ್ರೀರಂಗಪಟ್ಟಣವನ್ನು ದೋಚಿದವರು "ಇಂಗ್ಲಿಷರು". ಪರರ ಸೈನಿಕನು ಕೆಡುಕು ಮಾಡಿದರೆ ಅವನ ಹಿಂದೆ ಅವನ ಇಡೀ ಜನಾಂಗ ನಿಲ್ಲುತ್ತದೆ. ಸ್ವಂತ ಸೈನಿಕನು ಮಾಡಿದರೆ ಅವನು ಒಬ್ಬಂಟಿಯಾಗುತ್ತಾನೆ. ರಣಧೀರ ಕಂಠೀರವನ ಹೆಸರು ಚಲನಚಿತ್ರದಲ್ಲಿದೆ, ಕ್ರೀಡಾಂಗಣದ ಮೇಲಿದೆ. ಅವನ ಕಾಲದಲ್ಲಿ, 1650ರ ದಶಕದಲ್ಲಿ, ಮಧುರೆಯ ಸೀಮೆಗೆ ನುಗ್ಗಿದ ಮೈಸೂರಿನ ಸೈನ್ಯವು ಗಂಡು ಹೆಣ್ಣು ಮಕ್ಕಳೆನ್ನದೆ ಮೂಗು ಕೊಯ್ದು ಮೂಟೆ ಕಟ್ಟಿತೆಂದು ಜೆಸ್ವಿಟ್ ಪಾದ್ರಿಯ ಪತ್ರವು ವರದಿ ಮಾಡಿದೆ. ಮಧುರೆಯವರು ತಿರುಗಿಬಿದ್ದು ಅದನ್ನೇ ಮಾಡಿದರು. ತಮಿಳಿನಲ್ಲಿ ಆ ಯುದ್ಧಕ್ಕೆ ಮೂಗಿನ ಹೆಸರೇ ಉಳಿದಿದೆ. ಕನ್ನಡದ ಪಠ್ಯಪುಸ್ತಕಗಳಲ್ಲಿ ಕಂಠೀರವನ ಮಲ್ಲಯುದ್ಧ ಮಾತ್ರ ಉಳಿದಿದೆ.

ಪಿರಿಯಾಪಟ್ಟಣದವರಿಗೆ ಇದು ದೂರದ ಮಾತಲ್ಲ. ಅದೇ ಕಂಠೀರವನ ಸೈನ್ಯವು 1640ರ ದಶಕದಲ್ಲಿ ಆ ಕೋಟೆಯನ್ನು ಮುತ್ತಿದಾಗ, ಉಳಿಯುವ ಆಸೆ ಕಾಣದ ಅರಸ ವೀರರಾಜನು ತನ್ನ ಹೆಂಡಿರು ಮಕ್ಕಳನ್ನು ತಾನೇ ಕೊಂದು ಅನಂತರ ಹೋರಾಡಿ ಮಡಿದನೆಂದು ಗೆಜೆಟಿಯರುಗಳು ದಾಖಲಿಸಿವೆ. ಗೆದ್ದ ಸೈನ್ಯದ ಕೈಗೆ ಸಿಕ್ಕ ಹೆಂಗಸರ ಗತಿಯೇನೆಂಬುದನ್ನು ಆ ಅರಸನು ಅರಿತಿದ್ದಿರಬೇಕು. ಅವನು ಚಂಗಾಳ್ವರ ಪರಂಪರೆಯವನು. ಹಿಂದೆ ಹನಸೋಗೆಯ ಬಸದಿಗಳಿಗೆ ಆಶ್ರಯವಿತ್ತವರು ಆ ಚಂಗಾಳ್ವರು. ಇಂದು ಪಿರಿಯಾಪಟ್ಟಣದ ಮಗುವೂ ದಸರಾ ಮೆರವಣಿಗೆ ಕಂಡು "ನಮ್ಮ ಮೈಸೂರು" ಎನ್ನುತ್ತದೆ. ಹೇಳಲಿ, ಹೇಳುವುದರಲ್ಲಿ ದೋಷವಿಲ್ಲ. ಆದರೆ ತಂದೆಯ ಅಂಗಡಿಯನ್ನು ವಹಿಸಿಕೊಂಡ ಮಗನು ಬರಬೇಕಾದ ಬಾಕಿಯನ್ನು ವಸೂಲು ಮಾಡಿ, ಕೊಡಬೇಕಾದ ಸಾಲಕ್ಕೆ "ಅದು ಅಪ್ಪನ ಕಾಲದ್ದು" ಎಂದರೆ ಯಾವ ಪೇಟೆಯೂ ಅವನಿಗೆ ಮತ್ತೆ ಕಡ ಕೊಡುವುದಿಲ್ಲ. ನಾಡಿನ ಹೆಸರೂ ಒಂದು ನಡೆಯುವ ಅಂಗಡಿಯೇ. ಜಮಾ ಪುಟವನ್ನು ಮಾತ್ರ ಇಟ್ಟುಕೊಂಡು ಬಾಕಿಯ ಪುಟವನ್ನು ಹರಿಯಲು ಬರುವುದಿಲ್ಲ.

ಅಪರಾಧ ಬೇರೆ, ಹೊಣೆ ಬೇರೆ ಎಂಬುದನ್ನು ನ್ಯಾಯಾಲಯವೇ ರೂಪಾಯಿಯಲ್ಲಿ ವಿಂಗಡಿಸಿ ತೋರಿಸಿದ ಉದಾಹರಣೆ ನೆರೆಯ ರಾಜ್ಯದಲ್ಲಿದೆ. ಧರ್ಮಪುರಿ ಜಿಲ್ಲೆಯ ವಾಚಾತಿ ಎಂಬ ಬುಡಕಟ್ಟು ಜನರ ಹಳ್ಳಿಗೆ 1992ರ ಜೂನ್ 20ರಂದು ಶ್ರೀಗಂಧ ಹುಡುಕುವ ನೆಪದಲ್ಲಿ ಅರಣ್ಯ, ಪೊಲೀಸ್ ಮತ್ತು ಕಂದಾಯ ಇಲಾಖೆಗಳ ನೌಕರರು ನುಗ್ಗಿದರು. 18 ಹೆಂಗಸರ ಮೇಲೆ ಅತ್ಯಾಚಾರವಾಯಿತು. ಆರೋಪಿಗಳು 269, ತೀರ್ಪು ಬರುವಷ್ಟರಲ್ಲಿ 54 ಮಂದಿ ತೀರಿಕೊಂಡಿದ್ದರು, ಉಳಿದ 215 ಮಂದಿಗೂ 2011ರ ಸೆಪ್ಟೆಂಬರ್ 29ರಂದು ಶಿಕ್ಷೆಯಾಯಿತು. 2023ರ ಸೆಪ್ಟೆಂಬರ್ 29ರಂದು ಮದರಾಸು ಉಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿದು, ಪ್ರತಿಯೊಬ್ಬ ಸಂತ್ರಸ್ತೆಗೂ ಸರಕಾರವು 10 ಲಕ್ಷ ರೂಪಾಯಿ ಕೊಡಬೇಕು, ಅದರಲ್ಲಿ ಅರ್ಧವನ್ನು ಅತ್ಯಾಚಾರದ ಅಪರಾಧಿಗಳಿಂದ ವಸೂಲು ಮಾಡಬೇಕು ಎಂದಿತು. ಅರ್ಧ ಮಾಡಿದವರದು. ಇನ್ನರ್ಧ? ಅದು ಬೊಕ್ಕಸದ್ದು, ಅಂದರೆ ತೆರಿಗೆ ಕಟ್ಟುವ ಪ್ರತಿಯೊಬ್ಬ ವರ್ತಕನದು. ಮಹದೇಶ್ವರ ಬೆಟ್ಟದ ಪ್ರಕರಣದಲ್ಲಿ ಗೊತ್ತುಪಡಿಸಿದ 2.80 ಕೋಟಿಯೂ ಹೀಗೆಯೇ ಜನರ ಹಣ. "ಸಂಬಂಧವಿಲ್ಲ" ಎನ್ನುವವರ ಗಲ್ಲದಿಂದಲೇ ಅದು ಸಂದಾಯವಾಗುವಂಥದು.

ಇಂಥ ಮಾತುಗಳಿಂದ ಪಡೆಗಳ ಸ್ಥೈರ್ಯ ಕುಂದುತ್ತದೆಂಬ ಆಕ್ಷೇಪವು ದೊಡ್ಡ ಸಭೆಗಳಲ್ಲಿ ಕೇಳಿಬರುತ್ತದೆ. ಕೃಷ್ಣರಾಜನಗರದ ಅಕ್ಕಿ ವರ್ತಕರನ್ನು ಕೇಳಿದರೆ ಇದಕ್ಕೆ ಉತ್ತರ ದೊರೆಯುತ್ತದೆ. ಒಬ್ಬನು ಮೂಟೆಯಲ್ಲಿ ಕಲ್ಲು ಬೆರೆಸಿ ಸಿಕ್ಕಿಬಿದ್ದಾಗ ಸಂಘವು ಅವನನ್ನು ಮುಚ್ಚಿಟ್ಟರೆ ಕೆಡುವುದು ಕಲ್ಲು ಬೆರೆಸದವರ ಹೆಸರು. ಆ ಕಾರ್ಯಪಡೆಗಳಲ್ಲಿಯೂ ಕೈಯೆತ್ತದ ಪೇದೆಗಳಿದ್ದರು, ಇರದೆ ಇರಲಾರರು. ಅವರನ್ನು ಹೊಡೆದವರಿಂದ ಬೇರ್ಪಡಿಸುವ ಕೆಲಸವನ್ನು ಯಾರೂ ಮಾಡಲಿಲ್ಲವಾದುದರಿಂದ ಕಾಡಂಚಿನ ಮುದುಕಿಗೆ ಇಂದಿಗೂ ಎಲ್ಲ ಖಾಕಿಯೂ ಒಂದೇ. ಅಮೆರಿಕದವರು ವಿಯೆಟ್ನಾಮಿನ ಮೈ ಲಾಯ್ ಹಳ್ಳಿಯಲ್ಲಿ 1968ರಲ್ಲಿ ನೂರಾರು ನಿರಾಯುಧರನ್ನು ಕೊಂದಾಗ, ತನ್ನ ಹೆಲಿಕಾಪ್ಟರನ್ನು ನಡುವೆ ಇಳಿಸಿ ಕೆಲವರನ್ನು ಉಳಿಸಿದ ಹ್ಯೂ ಥಾಂಪ್ಸನ್ ಎಂಬ ಚಾಲಕನಿಗೆ ಆ ಕಾರ್ಯಕ್ಕೆ ತಕ್ಕ ಪದಕ ದೊರೆತುದು 1998ರಲ್ಲಿ, ಮೂವತ್ತು ವರ್ಷಗಳ ಮೇಲೆ. ಸ್ಥೈರ್ಯ ಕುಂದುವುದು ಇಂಥ ವಿಳಂಬದಿಂದ.

ಬಸದಿಗಳ ಟ್ರಸ್ಟುಗಳು ಈ ವಿಷಯದಲ್ಲಿ ಏನು ಮಾಡಬಲ್ಲವು ಎಂಬ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲು ಬಾರದು. ದಶಲಕ್ಷಣ ಪರ್ವದ ಮುಗಿತಾಯದಲ್ಲಿ ಕ್ಷಮಾವಾಣಿಯನ್ನು ಎಲ್ಲ ಕಡೆಯೂ ಆಚರಿಸುತ್ತಾರೆ. ಅಂದವಾಗಿ ಅಚ್ಚಾದ ಕಾರ್ಡುಗಳು ಊರಿನಿಂದೂರಿಗೆ ಹೋಗುತ್ತವೆ, ಈಗ ಮೊಬೈಲಿನಲ್ಲಿಯೂ. ಯಾರಿಗೆ? ಬೀಗರಿಗೆ, ವ್ಯಾಪಾರದ ಗೆಳೆಯರಿಗೆ, ಟ್ರಸ್ಟಿನ ಅಧ್ಯಕ್ಷರಿಗೆ. ಬಹುಮಟ್ಟಿಗೆ ಯಾವ ಅಪಕಾರವನ್ನೂ ಮಾಡದಿರುವವರಿಗೆ. ಸರ್ವಜೀವಿಗಳೊಡನೆ ಕ್ಷಮೆ ಬೇಡುವ ದಿನದಂದು ಆ 89 ಮಂದಿ, ಎಂಟು ವರ್ಷ ಸೆರೆಯಲ್ಲಿದ್ದು ನಿರ್ದೋಷಿಗಳಾಗಿ ಮರಳಿದವರು, ಸರ್ವಜೀವಿಗಳಲ್ಲಿ ಸೇರುವುದಿಲ್ಲವೇ?

ಸದಾಶಿವ ಸಮಿತಿಯ ವರದಿಯ ಮುಖ್ಯ ಭಾಗಗಳನ್ನು ಕನ್ನಡದಲ್ಲಿ ಮುದ್ರಿಸಿ ಹಂಚಲು ಒಂದು ಟ್ರಸ್ಟಿಗೆ ಆಗುವ ವೆಚ್ಚವು ಒಂದು ಪಂಚಕಲ್ಯಾಣದ ಶಾಮಿಯಾನದ ಬಾಡಿಗೆಯನ್ನು ಮೀರಲಾರದು. ಯೋಧರನ್ನೂ ಪೊಲೀಸರನ್ನೂ ಸನ್ಮಾನಿಸುವ ವೇದಿಕೆಯಲ್ಲಿ, ಶಾಲು ಹೊದಿಸುವ ಮುನ್ನ, ಆ ವರದಿಯ ಒಂದು ಪುಟವನ್ನು ಓದಬಹುದು. ಪ್ರಾಮಾಣಿಕನಾದ ಅಧಿಕಾರಿ ಅದನ್ನು ಕೇಳಿ ಎದ್ದು ಹೋಗುವುದಿಲ್ಲ. ಹೆಗ್ಗಡದೇವನಕೋಟೆ, ಸರಗೂರುಗಳ ಶ್ರಾವಕರು ಕಾಡಂಚಿನಲ್ಲೇ ಬಾಳುವವರು. ಆಡಳಿತದ ಕೈ ಕಾಡಿನವರ ಮೇಲೆ ಎಷ್ಟು ಭಾರವಾಗಿ ಬೀಳಬಲ್ಲದೆಂಬುದು ಅವರಿಗೆ ಪುಸ್ತಕದಿಂದ ತಿಳಿಯಬೇಕಾಗಿಲ್ಲ. ಈ ಕೆಲಸವನ್ನು ಅವರು ಮೊದಲು ಮಾಡಿದರೆ ಉಳಿದ ಮೂರು ತಾಲ್ಲೂಕುಗಳವರು ಹಿಂದುಳಿಯಲು ನೆಪ ಸಿಗುವುದಿಲ್ಲ.

ಹುಣಸೂರು ತಾಲ್ಲೂಕಿನ ಗೊಮ್ಮಟಗಿರಿಯಲ್ಲಿ ಪ್ರತಿವರ್ಷ ಬಾಹುಬಲಿಸ್ವಾಮಿಗೆ ಮಸ್ತಕಾಭಿಷೇಕವಾಗುತ್ತದೆ. ಆ ಸಂದರ್ಭದಲ್ಲಿ ಭಾಷಣಕಾರರು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳ ಕಥೆಯನ್ನು ತಪ್ಪದೆ ಹೇಳುತ್ತಾರೆ. ಹೇಳಿ, ಬಾಹುಬಲಿಯ ತ್ಯಾಗಕ್ಕೆ ಬೇಗನೆ ಹಾರಿಬಿಡುತ್ತಾರೆ. ಎರಡು ಸೈನ್ಯಗಳು ಎದುರುಬದುರು ನಿಂತಿದ್ದಾಗ, ಅಣ್ಣತಮ್ಮಂದಿರ ಜಗಳಕ್ಕೆ ಪಡೆಗಳು ಏಕೆ ಸಾಯಬೇಕು, ಏಕೆ ಕೊಲ್ಲಬೇಕು ಎಂದು ಮಂತ್ರಿಗಳು ತಡೆದರಲ್ಲವೇ? ಆ ಮಂತ್ರಿಗಳು ತಮ್ಮ ತಮ್ಮ ಒಡೆಯರಿಗೇ ಎದುರು ಮಾತನಾಡಿದವರು. ಅವರನ್ನು ಯಾರೂ ನಾಡದ್ರೋಹಿಗಳೆಂದು ಕರೆದಂತೆ ಪುರಾಣದಲ್ಲಿ ಕಾಣುವುದಿಲ್ಲ.