ಪಾಚಿಗೆ ಔಷಧ ಯಾಕ್ರಿ?

ಅಕ್ಕಾರ, ಗಿಡ ಹಚ್ಚಿದ ಮೀನಿನ ಟ್ಯಾಂಕಿನ್ಯಾಗ ಪಾಚಿ ಕಂಡಕೂಡಲೇ ಔಷಧ ಸುರಿಯೂದು, ಇಲ್ಲಾ ಪೂರಾ ನೀರು ಚೆಲ್ಲಿ ಸಾಬಾಣ ಹಚ್ಚಿ ತಿಕ್ಕೂದು, ಎರಡೂ ನನಗ ಸರಿ ಅನಸೂದಿಲ್ಲ. ಪಾಚಿ ಒಮ್ಮೆಲೇ ಸತ್ತು ಕೊಳತ್ರ ನೀರಿನ್ಯಾಗಿನ ಆಕ್ಸಿಜನ್ ಕಡಿಮಿ ಆಗಿ ಮೀನಾನೂ ಸಾಯಬಹುದು. ತಿಕ್ಕಿ ತೊಳದ್ರ ಮೀನಿನ ಹೊಲಸು ಅರಗಸೋ ಒಳ್ಳೆ ಬ್ಯಾಕ್ಟೀರಿಯಾ ಹೋಗ್ತಾವ. ಆಮ್ಯಾಲೆ ಅಳೋ ಹುಡುಗರಿಗೆ ಏನ್ ಹೇಳೋಣ?

ಪಾಚಿ ರೋಗ ಅಲ್ರಿ. ಬೆಳಕು, ತಿನಿಸು ಹೆಚ್ಚಾಗ್ಯಾವ ಅನ್ನೋ ಸುದ್ದಿ. ಟ್ಯಾಂಕ್ ಕಿಟಕಿ ಬಿಸಿಲಿನಿಂದ ದೂರ ಇಡ್ರಿ. ಲೈಟ್ ದಿನಕ್ಕ 6–8 ತಾಸು ಸಾಕು. ಎರಡು ನಿಮಿಷದಾಗ ತಿಂದು ಮುಗಸುವಷ್ಟ ತಿನಿಸು ಹಾಕ್ರಿ. ವಾರಕ್ಕೊಮ್ಮೆ ಕಾಲು ಪಾಲು ನೀರು ಬದಲಿಸ್ರಿ, ಕ್ಲೋರಿನ್ ತೆಗೆದ ನೀರ ಹಾಕ್ರಿ. ಹೈಡ್ರಿಲ್ಲಾದಂಥ ಲಗೂನ ಬೆಳಿಯೋ ಗಿಡ ಇದ್ರ ಪಾಚಿ ಪಾಲಿನ ಸಾರ ಅವ ಉಣ್ತಾವ.

ಮೂರು ವಾರ ತಡೀರಿ. ಚೂರು ಹಸಿರು ಉಳದ್ರ ಉಳೀಲಿ, ಮೀನು ಬದುಕಿದ್ರ ಸಾಕಲ್ಲಾ?