ಆಟ ಬಿಟ್ಟರೆ ಸ್ನಾಯುವೆಲ್ಲ ಬೊಜ್ಜಾಗುತ್ತದೆಯೇ? ಹಾಕಿ ಆಟಗಾರರ ಎರಡನೇ ಬದುಕು

ಉಪ್ಪಾರಪೇಟೆಯ ಹೋಟೆಲೊಂದರಲ್ಲಿ ನಿಂತು ಕಾಫಿ ಕುಡಿಯುತ್ತಿದ್ದಾಗ ಪಕ್ಕದವರ ಮಾತು ಕಿವಿಗೆ ಬಿತ್ತು. “ಅವ್ರನ್ನ ನೋಡ್ರೀ, ಒಂದು ಕಾಲಕ್ಕೆ ಸ್ಟೇಟ್‌ಗೆ ಹಾಕಿ ಆಡಿದವ್ರು. ಆಟ ಬಿಟ್ಟಿದ್ದೇ ತಡ, ಮಸಲ್ಸ್ ಎಲ್ಲಾ ಬೊಜ್ಜಾಗೋಯ್ತು. ಅದಕ್ಕೇ ನಮ್ಮ ಹುಡುಗನ್ನ ಹಾಸ್ಟೆಲ್‌ಗೆ ಸೇರಿಸ್ಲಿಲ್ಲ.” ಹಾಸ್ಟೆಲ್ ಎಂದರೆ ಕ್ರೀಡಾ ಹಾಸ್ಟೆಲ್. ಬೊಜ್ಜಿನ ಭಯಕ್ಕೆ ಒಬ್ಬ ಹುಡುಗನ ಆಟವೇ ನಿಂತುಹೋಗಿತ್ತು!

ಈ ಮಾತು ನಿಜವೇ? ಅಲ್ಲ. ಸ್ನಾಯುವಿನ ಜೀವಕೋಶ ಬೇರೆ, ಕೊಬ್ಬಿನ ಜೀವಕೋಶ ಬೇರೆ. ರಾಗಿ ಹೊಲದಲ್ಲಿ ಬಿತ್ತದೆ ಬಿಟ್ಟರೆ ಕಳೆ ಬೆಳೆಯುತ್ತದೆ, ಹಾಗಂತ ರಾಗಿಯೇ ಕಳೆಯಾಯಿತು ಎನ್ನುತ್ತೇವೆಯೇ? ಆಟ ನಿಂತಾಗ ಎರಡು ಸಂಗತಿಗಳು ಒಟ್ಟಿಗೆ ನಡೆಯುತ್ತವೆ. ಕೆಲಸವಿಲ್ಲದ ಸ್ನಾಯು ನಿಧಾನವಾಗಿ ಸಣ್ಣದಾಗುತ್ತದೆ. ಇನ್ನೊಂದು ಕಡೆ, ಊಟ ಮಾತ್ರ ಹಳೆಯ ಅಳತೆಯಲ್ಲೇ ಮುಂದುವರಿಯುವುದರಿಂದ ಕೊಬ್ಬು ಸೇರುತ್ತದೆ. ದಿನವೂ ಮೂರು ಗಂಟೆ ಓಡುತ್ತಿದ್ದವರ ಹಸಿವು, ಓಟ ನಿಂತ ಮರುದಿನವೇ ಇಳಿಯುವುದಿಲ್ಲ. ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇರುತ್ತದೆ. ದಿನಕ್ಕೆ 300 ಕ್ಯಾಲೊರಿ ಮಾತ್ರ, ಅಂದರೆ ಹೆಚ್ಚುಕಡಿಮೆ ಒಂದು ಮಸಾಲೆ ದೋಸೆಯಷ್ಟು, ಹೆಚ್ಚಾಗಿ ಒಳಗೆ ಹೋದರೂ ಆರಂಭದಲ್ಲಿ ತಿಂಗಳಿಗೆ ಒಂದು ಕಿಲೋ ಏರಲು ಸಾಕು. ಸ್ನಾಯುವಿಗಿಂತ ಬೇಗ ಇಳಿಯುವುದು ದಮ್ಮು. ತರಬೇತಿ ನಿಂತ ಎರಡು ಮೂರು ವಾರಗಳಲ್ಲೇ ದೇಹದ ರಕ್ತದ ಪ್ರಮಾಣ ಕಡಿಮೆಯಾಗುತ್ತದೆ, ಆಮ್ಲಜನಕವನ್ನು ಬಳಸುವ ಸಾಮರ್ಥ್ಯ ತಗ್ಗುತ್ತದೆ. ಆದರೆ ಮತ್ತೆ ಶುರು ಮಾಡಿದರೆ, ಹಿಂದೊಮ್ಮೆ ಬೆಳೆದಿದ್ದ ಸ್ನಾಯು ಹೊಸಬರಿಗಿಂತ ಬೇಗ ಮರಳುತ್ತದೆ.

ಹಾಗಾದರೆ ಆಟ ದೇಹಕ್ಕೆ ಏನೂ ಮಾಡುವುದಿಲ್ಲವೇ? ಮಾಡುತ್ತದೆ, ಆದರೆ ಬೊಜ್ಜಿನಲ್ಲಲ್ಲ, ಕೀಲುಗಳಲ್ಲಿ.

ಹಾಕಿಯಲ್ಲಿ ಎಡಗೈಯವರಿಗೆ ಬೇರೆ ಸ್ಟಿಕ್ ಇಲ್ಲ, ನಿಯಮವೇ ಅದಕ್ಕೆ ಅವಕಾಶ ಕೊಡುವುದಿಲ್ಲ. ಎಲ್ಲರೂ ಒಂದೇ ಬದಿಗೆ ತಿರುಗಿ, ಸೊಂಟ ಬಗ್ಗಿಸಿ, ಬೆನ್ನು ತಿರುಚಿ ಆಡಬೇಕು. ಹತ್ತು ವರ್ಷ ವಯಸ್ಸಿನಿಂದ ಮೂವತ್ತರವರೆಗೆ ದಿನವೂ ಹೀಗೆ ಬಗ್ಗಿದರೆ ಕೆಳಬೆನ್ನು ಮಾತಾಡದೆ ಇರುತ್ತದೆಯೇ? ಹಾಕಿ ಆಟಗಾರರಲ್ಲಿ ಸೊಂಟನೋವು ಸಾಮಾನ್ಯ ದೂರು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಿಂದ ಹುಲ್ಲಿನ ಜಾಗಕ್ಕೆ ಕೃತಕ ಟರ್ಫ್ ಬಂತು. ಚೆಂಡು ವೇಗವಾಯಿತು, ಆಟಗಾರ ಇನ್ನಷ್ಟು ತಗ್ಗಬೇಕಾಯಿತು, ಗಕ್ಕನೆ ನಿಂತು ತಿರುಗುವುದು ಹೆಚ್ಚಾಯಿತು. ಆ ತಿರುವಿನ ಭಾರವನ್ನೆಲ್ಲ ಹೊರುವುದು ಮಂಡಿ.

ಸೋಮವಾರಪೇಟೆಯ ಎಸ್.ವಿ. ಸುನಿಲ್ ಅವರನ್ನು ನೆನಪಿಸಿಕೊಳ್ಳಿ. 2007ರಲ್ಲಿ ಭಾರತ ತಂಡಕ್ಕೆ ಬಂದರು, 264 ಪಂದ್ಯ ಆಡಿದರು, ಎರಡು ಒಲಿಂಪಿಕ್ಸ್ ಕಂಡರು. ಅವರ ವೇಗಕ್ಕೆ ಎದುರಾಳಿ ರಕ್ಷಣೆಯೇ ಚದುರುತ್ತಿತ್ತು. 2018ರಲ್ಲಿ ಮಂಡಿಗೆ ಪೆಟ್ಟಾಗಿ ನಮ್ಮದೇ ನೆಲದ ಭುವನೇಶ್ವರ ವಿಶ್ವಕಪ್ ತಪ್ಪಿತು. 2021ರ ಅಕ್ಟೋಬರ್‌ನಲ್ಲಿ ನಿವೃತ್ತಿ ಹೇಳಿದಾಗ ಅವರಿಗೆ 32 ವರ್ಷ. ಉಳಿದವರು ಆಫೀಸಿನಲ್ಲಿ ಮೊದಲ ಬಡ್ತಿಗೆ ಕಾಯುವ ವಯಸ್ಸಿನಲ್ಲಿ ಆಟಗಾರನ ಮೊದಲ ಬದುಕು ಮುಗಿದಿರುತ್ತದೆ.

ಮಂಡಿಯ ಬಗ್ಗೆ ಫಿನ್‌ಲೆಂಡಿನ ಮಾಜಿ ಕ್ರೀಡಾಪಟುಗಳನ್ನು ಪರೀಕ್ಷಿಸಿ 1995ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುವುದು ಗಮನಿಸಬೇಕಾದ್ದು. ಮಂಡಿ ಸವೆತ ಫುಟ್‌ಬಾಲ್ ಆಡಿದವರಲ್ಲಿ ಶೇ. 29, ಭಾರ ಎತ್ತಿದವರಲ್ಲಿ ಶೇ. 31 ಇತ್ತು. ದೂರದ ಓಟಗಾರರಲ್ಲಿ ಶೇ. 14 ಮಾತ್ರ. ಅಂದರೆ ಬರೀ ಓಟ ಮಂಡಿಯನ್ನು ತಿನ್ನುವುದಿಲ್ಲ. ಹಳೆಯ ಗಾಯ, ತಿರುಚುವಿಕೆ, ಮೈಭಾರ, ಇವು ತಿನ್ನುತ್ತವೆ. “ಓಡಬೇಡ, ಮಂಡಿ ಸವೆಯುತ್ತೆ” ಎನ್ನುವ ಮನೆಯ ಹಿರಿಯರಿಗೆ ಈ ಅಂಕಿಗಳನ್ನು ತೋರಿಸಬಹುದು.

ಅದೇ ದೇಶದ ಇನ್ನೊಂದು ಲೆಕ್ಕ ಆಯುಷ್ಯದ್ದು. 1920ರಿಂದ 1965ರವರೆಗೆ ಫಿನ್‌ಲೆಂಡನ್ನು ಪ್ರತಿನಿಧಿಸಿದ ಎರಡೂವರೆ ಸಾವಿರಕ್ಕೂ ಹೆಚ್ಚು ಪುರುಷ ಕ್ರೀಡಾಪಟುಗಳನ್ನು, ಆರೋಗ್ಯವಂತರಾಗಿದ್ದ ಇತರರೊಂದಿಗೆ ಹೋಲಿಸಿದರು. ಐಸ್ ಹಾಕಿಯೂ ಸೇರಿದಂತೆ ತಂಡದ ಆಟಗಳನ್ನು ಆಡಿದವರು ಸರಾಸರಿ ನಾಲ್ಕು ವರ್ಷ ಹೆಚ್ಚು ಬದುಕಿದ್ದರು. ಇದರಲ್ಲಿ ಹುಟ್ಟಿನಿಂದಲೇ ಗಟ್ಟಿ ಇದ್ದವರು ಆಟಕ್ಕೆ ಬಂದರು ಎಂಬುದೂ ಒಂದು ಪಾಲು. ಆಟ ಬಿಟ್ಟ ಮೇಲೂ ಅವರು ಓಡಾಟ ಬಿಡಲಿಲ್ಲ, ಸಿಗರೇಟು ಕಡಿಮೆ ಸೇದಿದರು ಎಂಬುದು ಇನ್ನೊಂದು ಪಾಲು.

ಐಸ್ ಹಾಕಿಯ ಮಾತು ಬಂತು. ಕೆನಡಾದಲ್ಲಿರುವ ನಿಮ್ಮ ನೆಂಟರು ಮಗನನ್ನು “ಹಾಕಿಗೆ ಸೇರಿಸಿದ್ದೀವಿ” ಎಂದರೆ ಅದು ನಮ್ಮ ಹಾಕಿಯಲ್ಲ. ಅಲ್ಲಿ ಮಂಜುಗಡ್ಡೆಯ ಮೇಲೆ ಮೈಗೆ ಮೈ ಗುದ್ದುವುದು ಆಟದ ಭಾಗವೇ, ಮತ್ತು ಅಪಾಯ ಮಂಡಿಗಿಂತ ಹೆಚ್ಚು ಮಿದುಳಿನದು. ಡೆರೆಕ್ ಬೂಗಾರ್ಡ್ ಎಂಬ ವೃತ್ತಿಪರ ಆಟಗಾರ, ತಂಡದ ಪರವಾಗಿ ಹೊಡೆದಾಡುವುದೇ ಅವರ ಮುಖ್ಯ ಕೆಲಸವಾಗಿತ್ತು, 2011ರಲ್ಲಿ 28ನೇ ವಯಸ್ಸಿಗೆ ತೀರಿಕೊಂಡರು. ನೋವಿನ ಮಾತ್ರೆಯೂ ಮದ್ಯವೂ ಒಟ್ಟಿಗೆ ಸೇರಿದ್ದವು. ಬಳಿಕ ಬಾಸ್ಟನ್ ವಿಶ್ವವಿದ್ಯಾಲಯದವರು ಮಿದುಳನ್ನು ಪರೀಕ್ಷಿಸಿದಾಗ, ಪದೇಪದೇ ತಲೆಗೆ ಪೆಟ್ಟು ಬಿದ್ದವರಲ್ಲಿ ಕಾಣುವ ಸಿಟಿಇ ಎಂಬ ಕಾಯಿಲೆ ಇರುವುದು ಗೊತ್ತಾಯಿತು. ಈ ಕಾಯಿಲೆಯನ್ನು ಖಚಿತವಾಗಿ ಹೇಳಲು ಸಾಧ್ಯವಾಗುವುದು ಸಾವಿನ ನಂತರವೇ. ನಮ್ಮ ಹಾಕಿಯಲ್ಲಿ ಗುದ್ದಾಟ ನಿಷಿದ್ಧ. ಆದರೆ ಚೆಂಡು 156ರಿಂದ 163 ಗ್ರಾಂ ತೂಗುವ ಗಟ್ಟಿ ಪ್ಲಾಸ್ಟಿಕ್ಕು. ಪೆನಾಲ್ಟಿ ಕಾರ್ನರ್‌ನಲ್ಲಿ ಅದಕ್ಕೆ ಎದುರು ಓಡುವ ಹುಡುಗನ ತಲೆಗೆ ಬಡಿದರೆ, “ಏನಿಲ್ಲ, ನೀರು ಚಿಮುಕಿಸಿ” ಎಂದು ಅದೇ ಪಂದ್ಯಕ್ಕೆ ವಾಪಸ್ ಕಳಿಸುವುದು ತಪ್ಪು. ತಲೆ ಸುತ್ತು, ವಾಂತಿ, ಮಂಕು ಯಾವುದು ಕಂಡರೂ ಅಂದಿನ ಆಟ ಮುಗಿಯಿತು, ಮುಂದೆ ವೈದ್ಯರ ಮಾತು.

ಇಷ್ಟು ದೇಹದ ಕತೆ. ಹೊಟ್ಟೆಪಾಡು? “ದೇಶಕ್ಕೆ ಆಡಿದರೆ ಸರ್ಕಾರ ಜೀವನಪೂರ್ತಿ ನೋಡಿಕೊಳ್ಳುತ್ತದೆ” ಎಂಬುದು ಬೊಜ್ಜಿನಷ್ಟೇ ಹಳೆಯ ನಂಬಿಕೆ. ಕೇಂದ್ರ ಸರ್ಕಾರದ ಕ್ರೀಡಾ ಪಿಂಚಣಿ 1994ರಿಂದ ಇದೆ ನಿಜ. 2018ರ ಪರಿಷ್ಕರಣೆಯಲ್ಲಿ ಒಲಿಂಪಿಕ್ ಪದಕ ಗೆದ್ದವರಿಗೆ ತಿಂಗಳಿಗೆ 20,000 ರೂಪಾಯಿ ಎಂದಾಯಿತು. ಆದರೆ ಅದಕ್ಕೆ ಪದಕ ಬೇಕು, ಮೂವತ್ತು ವರ್ಷ ತುಂಬಿರಬೇಕು, ಸಕ್ರಿಯ ಆಟದಿಂದ ನಿವೃತ್ತರಾಗಿರಬೇಕು. ರಾಜ್ಯ ತಂಡಕ್ಕೆ ಹತ್ತು ವರ್ಷ ಆಡಿ ಭಾರತದ ಜರ್ಸಿ ಸಿಗದವರಿಗೆ ಈ ಪಟ್ಟಿಯಲ್ಲಿ ಜಾಗವಿಲ್ಲ. ನಮ್ಮವರನ್ನು ನಿಜವಾಗಿ ಉಳಿಸಿದ್ದು ನೌಕರಿ. ಸೇನೆ, ರೈಲ್ವೆ, ಬ್ಯಾಂಕು, ತೈಲ ಕಂಪನಿಗಳ ತಂಡಗಳಿಗೆ ಆಡಿದವರು ಆಟ ಮುಗಿದ ಮೇಲೆ ಅದೇ ಸಂಸ್ಥೆಯ ಮೇಜಿಗೆ ಹೋದರು. ಮಾಸ್ಕೋ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಕೊಡಗಿನ ಎಂ.ಎಂ. ಸೋಮಯ್ಯ ಭಾರತ್ ಪೆಟ್ರೋಲಿಯಂನಲ್ಲಿ ದುಡಿದರು. 1973ರ ವಿಶ್ವಕಪ್‌ನಲ್ಲಿ ಬೆಳ್ಳಿ ತಂದ ತಂಡದ ನಾಯಕ ಎಂ.ಪಿ. ಗಣೇಶ್ ಸೇನೆಯಿಂದ ಬಂದವರು, ಮುಂದೆ ಕ್ರೀಡಾ ಪ್ರಾಧಿಕಾರದಲ್ಲಿ ಆಡಳಿತಗಾರರಾದರು. ಬೆಂಗಳೂರಿನ ಜೂಡ್ ಫೆಲಿಕ್ಸ್ ಮಕ್ಕಳಿಗಾಗಿ ಅಕಾಡೆಮಿ ಕಟ್ಟಿದರು. ನನ್ನನ್ನು ಕೇಳಿದರೆ, ಹಾಸ್ಟೆಲ್‌ಗೆ ಮಗನನ್ನು ಕಳಿಸುವ ಅಪ್ಪ ಕೇಳಬೇಕಾದ ಪ್ರಶ್ನೆ ಬೊಜ್ಜಿನದಲ್ಲ. ಆಟದ ಜೊತೆ ಓದು ನಡೆಯುತ್ತದೆಯೇ, ಗಾಯವಾದರೆ ನೋಡಿಕೊಳ್ಳುವವರು ಯಾರು ಎಂಬುದು.

ಮನಸ್ಸಿನ ಪೆಟ್ಟು ಇನ್ನೊಂದು. ಬೆಳಿಗ್ಗೆ ಐದಕ್ಕೆ ಎಬ್ಬಿಸುವ ಸೀಟಿ ಇಲ್ಲ, ಜೊತೆಗಾರರಿಲ್ಲ, ಹೆಸರಿನ ಹಿಂದೆ “ಹಾಕಿ ಆಡ್ತಾನೆ” ಎಂಬ ಗುರುತಿಲ್ಲ. ಕೊಡಗಿನಲ್ಲಿ ಇದಕ್ಕೆ ಒಂದು ಮದ್ದಿದೆ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಹಬ್ಬದಲ್ಲಿ ಒಲಿಂಪಿಯನ್ ಆದವರೂ ಮನೆತನದ ಹೆಸರಿನಲ್ಲಿ, ಚಿಕ್ಕಪ್ಪನ ಮಕ್ಕಳ ಜೊತೆ ಮೈದಾನಕ್ಕಿಳಿಯುತ್ತಾರೆ. ಬೇಸಿಗೆಯ ಈ ಹಬ್ಬಕ್ಕೆ ನೀವೂ ಹೊರಟಿದ್ದರೆ ಒಂದು ಮಾತು: ವರ್ಷವಿಡೀ ಸ್ಟಿಕ್ ಮುಟ್ಟದೆ ನೇರ ಪಂದ್ಯಕ್ಕೆ ಇಳಿದರೆ ತೊಡೆಯ ಹಿಂಬದಿಯ ಸ್ನಾಯು ಮೊದಲ ಓಟಕ್ಕೇ ಹಿಡಿದುಕೊಳ್ಳಬಹುದು. ಆರು ವಾರ ಮುಂಚಿನಿಂದ, ವಾರಕ್ಕೆ ಮೂರು ದಿನ, ಮೊದಲು ನಡಿಗೆ, ಆಮೇಲೆ ನಿಧಾನ ಓಟ, ಕೊನೆಗೆ ವೇಗದ ಓಟ ಎಂದು ಏರಿಸುತ್ತಾ ಹೋಗಿ.